ಸೊನ್ನೆ ತೋರಿಸಿದ ಮೀಟರು

ಆ ಕಟ್ಟಡದ ನೆಲಮಾಳಿಗೆಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆದರೆ ಅದು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಹೀಲಿಯಂ ಅಕ್ಕ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಕಚೇರಿಯ ಗುಮಾಸ್ತರವರೆಗೆ ಯಾರನ್ನು ಕೇಳಿದರೂ, "ಹೀಲಿಯಂ ಅಕ್ಕನಾ? ಕೆಳಗಿರ್ತಾರೆ ನೋಡಿ" ಎನ್ನುತ್ತಿದ್ದರು. ಹನ್ನೊಂದು ವರ್ಷ ಎಂಟು ತಿಂಗಳಿಂದ ಅವಳು ಕೆಳಗೇ ಇದ್ದಳು.

ಕೆಳಗೆ ಅಂದರೆ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ಹೀಲಿಯಂ ಅನಿಲವನ್ನು ತಣಿಸಿ ತಣಿಸಿ ನೀರಿನ ಹಾಗೆ ದ್ರವ ಮಾಡುವ ಯಂತ್ರ, ಅದರ ಪಕ್ಕದಲ್ಲಿ ಇಡೀ ದಿನ ಗೊರಗೊರ ಎನ್ನುವ ಕಂಪ್ರೆಸರ್ರು, ಗೋಡೆಯ ಉದ್ದಕ್ಕೂ ಅಳತೆಯ ಪೆಟ್ಟಿಗೆಗಳು. ಅಲ್ಲಿ ನಡೆಯುತ್ತಿದ್ದದ್ದು ಸೂಪರ್ ಕಂಡಕ್ಟರ್ ಸಂಶೋಧನೆ. ಕೆಲವು ವಸ್ತುಗಳನ್ನು ಸಿಕ್ಕಾಪಟ್ಟೆ ತಣಿಸಿದರೆ ಅವುಗಳಲ್ಲಿ ಕರೆಂಟು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದಂತೆ. ಅಷ್ಟೊಂದು ತಣಿಸದೆಯೇ ಹಾಗೆ ಹರಿಯುವ ವಸ್ತು ಸಿಕ್ಕಿಬಿಟ್ಟರೆ ಲೋಕಕ್ಕೇ ಉಪಕಾರ. ಅದನ್ನು ಹುಡುಕುವುದಕ್ಕಾಗಿ ಮೇಷ್ಟ್ರು ತಮ್ಮ ಇಪ್ಪತ್ತಾರು ವರ್ಷಗಳನ್ನು ಸವೆಸಿದ್ದರು. ಮೇಷ್ಟ್ರು ಅಂದರೆ ಆ ಪ್ರಯೋಗಾಲಯದ ಯಜಮಾನರು, ಸಣಕಲು ಮನುಷ್ಯ, ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಂಡ ದಿನ ಹಬ್ಬ ಅನ್ನಬೇಕು. ಯೋಚನೆ ಅವರದು, ಕೈ ಹೀಲಿಯಂ ಅಕ್ಕನದು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಹರಳಿಗೆ ಕೂದಲಿನಷ್ಟು ಸಣ್ಣ ನಾಲ್ಕು ತಂತಿಗಳನ್ನು ಬೆಳ್ಳಿಯ ಅಂಟಿನಿಂದ ಅಂಟಿಸುವುದು ಅವಳಂತೆ ಇನ್ನೊಬ್ಬರಿಗೆ ಬಾರದು. ಎರಡು ತಂತಿಯಲ್ಲಿ ಕರೆಂಟು ಹೋಗಿ ಬರುತ್ತದೆ, ಉಳಿದೆರಡರಲ್ಲಿ ಎಷ್ಟು ತಡೆಯಿದೆ ಎಂದು ಅಳೆಯುತ್ತಾರೆ. ಅಷ್ಟೇ ವಿದ್ಯೆ. ಆದರೆ ಅಷ್ಟಕ್ಕೇ ಕಣ್ಣು ಹೋಗುತ್ತದೆ.

ಹೋದ ವರ್ಷ ಆ ಹರಳುಗಳಲ್ಲಿ ನಾಲ್ಕು, ಯಾರೂ ಊಹಿಸದಷ್ಟು ಬೆಚ್ಚಗಿರುವಾಗಲೇ ಸೊನ್ನೆ ತಡೆ ತೋರಿಸಿದವು. ಮೇಷ್ಟ್ರು ಕುರ್ಚಿಯ ಮೇಲೆ ಕೂತವರು ಏಳಲೇ ಇಲ್ಲ, ಸುಮ್ಮನೆ ಅತ್ತರು. ಲೇಖನ ಅಚ್ಚಾಯಿತು. ಮೊದಲ ಹೆಸರು ಹೀಲಿಯಂ ಅಕ್ಕನದು, ಅದು ಮೇಷ್ಟ್ರ ದೊಡ್ಡತನ. ವಿಶ್ವವಿದ್ಯಾಲಯದವರು ಲಿಫ್ಟಿನಲ್ಲಿ ಒಂದು ದೊಡ್ಡ ಚಿತ್ರಪಟ ಅಂಟಿಸಿ ಆ ವರ್ಷದ ಹೆಮ್ಮೆಯ ಮೂರು ಸಂಶೋಧನೆಗಳನ್ನು ಸಾರಿದರು. ಮೇಲೆ ಈ ಸೂಪರ್ ಕಂಡಕ್ಟರ್ರು. ನಡುವೆ, ಮೂರನೇ ಮಹಡಿಯ ಮೇಡಮ್ಮೊಬ್ಬರು ನೇಮಕಾತಿಯಲ್ಲಿ ಪಕ್ಷಪಾತ ಹೇಗೆ ನುಸುಳುತ್ತದೆ ಎಂದು ಹತ್ತು ವರ್ಷ ಅಧ್ಯಯನ ಮಾಡಿ ಬರೆದ ನ್ಯಾಯದ ನಿಯಮಗಳು. ಕೆಳಗೆ, ನೀರಿನ ಮೇಷ್ಟ್ರು ಎಂದು ಹೆಸರಾದವರು ಕಟ್ಟಡ ಕಟ್ಟಡಕ್ಕೆ ಸಮಯ ಗೊತ್ತುಮಾಡಿ ನೀರು ಬಿಟ್ಟು, ನಿಲ್ಲಿಸಿ, ಮೂರರಲ್ಲೊಂದು ಪಾಲು ನೀರು ಉಳಿಸಿದ ಯೋಜನೆ. ಇವಕ್ಕೆ ಒಂದಕ್ಕೊಂದು ಏನು ಸಂಬಂಧ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಮೂರೂ ಸೇರಿ ಒಬ್ಬ ಹೆಂಗಸಿನ ಕುತ್ತಿಗೆಗೆ ಬಂದವು, ಸಂಬಂಧ ಅಂದರೆ ಅದೇ.

ಆ ಮೇಡಂಗೆ ಎಲ್ಲರೂ ಇಟ್ಟ ಹೆಸರು ನ್ಯಾಯದ ಮೇಡಂ. ಒಳ್ಳೆಯ ಮನಸ್ಸಿನವರೇ, ಅದರಲ್ಲಿ ಎರಡು ಮಾತಿಲ್ಲ. ವರ್ಷಗಟ್ಟಲೆ ತಾತ್ಕಾಲಿಕ ಅಂತ ಹೇಳಿ ಜನರನ್ನು ದುಡಿಸಿಕೊಳ್ಳುವುದು ಅನ್ಯಾಯ ಎಂದು ಅವರು ಒಂದು ನಿಯಮ ತಂದರು: ಹನ್ನೆರಡು ವರ್ಷ ಮೀರಿ ಯಾರನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವಂತಿಲ್ಲ. ಅಷ್ಟರೊಳಗೆ ಖಾಯಂ ಮಾಡಿ, ಇಲ್ಲವೇ ಬಿಟ್ಟುಬಿಡಿ. ಓದಿದವರೆಲ್ಲ ಚಪ್ಪಾಳೆ ತಟ್ಟಿದರು. ಹೀಲಿಯಂ ಅಕ್ಕನ ಲೆಕ್ಕದಲ್ಲಿ ಅದರ ಅರ್ಥ ಇಷ್ಟೇ. ಇನ್ನು ನಾಲ್ಕು ತಿಂಗಳಲ್ಲಿ ಖಾಯಂ ಆಗದಿದ್ದರೆ ಅವಳು ಆ ಕೋಣೆಯೊಳಗೆ ಕಾಲಿಡುವ ಹಾಗಿಲ್ಲ, ಮತ್ತು ದ್ರವ ಹೀಲಿಯಂ ಇರುವ ಇನ್ನೊಂದು ಕೋಣೆ ಆ ಊರಿನಲ್ಲೆಲ್ಲೂ ಇಲ್ಲ. ವಯಸ್ಸು ನಲವತ್ತನಾಲ್ಕು. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಂದು ಖಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಅರ್ಜಿಯಲ್ಲಿ ಹೆಸರಿಲ್ಲ, ಗಂಡು ಹೆಣ್ಣು ಇಲ್ಲ, ವಯಸ್ಸಿಲ್ಲ. ನಂಬರು ಮಾತ್ರ. ಲೇಖನಗಳಲ್ಲೂ ಹೆಸರು ಅಳಿಸಿ ಕೊಡಬೇಕು. ಸಂದರ್ಶನವೂ ಬರವಣಿಗೆಯಲ್ಲೇ, ಮುಖ ನೋಡುವ ಹಾಗಿಲ್ಲ. ಸಮಿತಿಯಲ್ಲಿ ಆ ವಿಭಾಗದವರೂ ಇರುವ ಹಾಗಿಲ್ಲ.

"ಹೆಸರೂ ಕೇಳದೆ, ಮುಖನೂ ನೋಡದೆ ಕೆಲಸ ಕೊಡ್ತಾರಾ?" ಎಂದು ಅವಳ ಅತ್ತೆ ಮೂಗಿನ ಮೇಲೆ ಬೆರಳಿಟ್ಟಿದ್ದರು. "ನಿನ್ನ ಈ ಮನೆಗೆ ತರೋವಾಗ ನಾನು ನಿಮ್ಮ ಮುತ್ತಜ್ಜಿಗೆ ಮಂಡಿನೋವು ಇತ್ತಾ ಅಂತಾನೂ ವಿಚಾರಿಸಿದ್ದೆ."

"ವಿಚಾರಿಸಿ ಏನು ಸಿಕ್ತು ಅತ್ತೆ?"

"ನೀನು ಸಿಕ್ಕಿದೆ. ಬೆಳಗ್ಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬರ್ತೀಯ, ಬಂದ್ರೂ ಕೈ ಐಸಿನ ಹಾಗಿರುತ್ತೆ."

ನೂರು ಅಂಕಗಳಲ್ಲಿ ಆ ಲೇಖನವೊಂದಕ್ಕೇ ಹದಿನೆಂಟು. ಅದು ಇದ್ದರೆ ಹುದ್ದೆ ಕೈಯಲ್ಲಿದ್ದ ಹಾಗೆ. ಅದಿಲ್ಲದಿದ್ದರೆ ಆಸೆ ಇಟ್ಟುಕೊಳ್ಳುವುದೂ ದಂಡ.

ಅರ್ಜಿ ಹಾಕುವ ಗಡುವು ಮುಗಿದ ವಾರದಲ್ಲೇ ಅದು ನಡೆದದ್ದು. ಹದಿಮೂರನೇ ತಾರೀಕು, ಮಂಗಳವಾರ. ನೀರಿನ ಮೇಷ್ಟ್ರ ವೇಳಾಪಟ್ಟಿಯ ಪ್ರಕಾರ ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆ ಕಟ್ಟಡಕ್ಕೆ ನೀರಿಲ್ಲ. ನೀರಿಲ್ಲದಿದ್ದರೆ ಕಂಪ್ರೆಸರ್ ಕಾದು ಕೆಂಡವಾಗುತ್ತದೆ, ಆದ್ದರಿಂದ ಆರಿಸಲೇಬೇಕು. ಹೀಲಿಯಂ ಅಕ್ಕ ಆ ಎರಡು ಗಂಟೆ ನೀರಿನ ಮೇಷ್ಟ್ರನ್ನು ಬಾಯಿತುಂಬ ಬೈದುಕೊಳ್ಳುತ್ತ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದಳು.

ಹರಳಿಗೆ ಕರೆಂಟು ಕಳಿಸುವ ಪೆಟ್ಟಿಗೆಯ ಮುಖದ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿತ್ತು. ಅಂಟಿಸಿದವಳು ಅವಳೇ. ಹಿಂದೆ ಇದ್ದ ಹಳೆಯ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕೆಂಪು ದೀಪ ಕೆಟ್ಟುಹೋಗಿ ಸದಾ ಉರಿಯುತ್ತಿತ್ತು, ಕಣ್ಣಿಗೆ ಚುಚ್ಚುತ್ತದೆ ಅಂತ ಮುಚ್ಚಿದ್ದಳು. ಎರಡು ವರ್ಷದ ಹಿಂದೆ ಹೊಸ ಪೆಟ್ಟಿಗೆ ಬಂತು. ಅದರಲ್ಲೂ ಅದೇ ಜಾಗದಲ್ಲಿ ದೀಪವಿತ್ತು. ಅಭ್ಯಾಸಬಲ ನೋಡಿ, ಹಿಂದೆ ಮುಂದೆ ಯೋಚಿಸದೆ ಅದಕ್ಕೂ ಒಂದು ಟೇಪು ಅಂಟಿಸಿದಳು. ಈಗ ಬಟ್ಟೆ ತಾಗಿ ಟೇಪಿನ ತುದಿ ಎದ್ದಿತು. ಅವಳು ಅದನ್ನು ಕಿತ್ತಳು. ದೀಪ ಉರಿಯುತ್ತಿತ್ತು.

ಹೊಸ ಪೆಟ್ಟಿಗೆಯ ದೀಪ ಸುಮ್ಮನೆ ಉರಿಯುವುದಿಲ್ಲ. ಕಳಿಸಿದ ಕರೆಂಟು ಹೋಗಲು ದಾರಿಯಿಲ್ಲದಿದ್ದರೆ ಮಾತ್ರ ಉರಿಯುತ್ತದೆ.

ಸ್ಟೂಲು ಎಳೆದುಕೊಂಡು ಕೂತಳು. ಯಂತ್ರ ನಿಂತಿದ್ದರಿಂದ ಹರಳು ತಾನಾಗಿಯೇ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಅವಳು ಒಂದು ಕಣ್ಣು ದೀಪದ ಮೇಲೆ, ಒಂದು ಕಣ್ಣು ಶಾಖದ ಅಂಕಿಯ ಮೇಲೆ ಇಟ್ಟು ಕಾದಳು. ಮೂರೂಕಾಲಿಗೆ, ಲೇಖನದಲ್ಲಿ ಅವರು ಕೊಂಡಾಡಿದ್ದ ಆ ಶಾಖ ಬಂದಾಗ, ದೀಪ ಆರಿತು. ಅದೇ ಹೊತ್ತಿಗೆ ತಡೆಯ ಅಂಕಿ ಸೊನ್ನೆಯಿಂದ ಮೇಲೆದ್ದಿತು. ಬೆಳ್ಳಿಯ ಅಂಟು ತಣ್ಣಗಾದಾಗ ಕುಗ್ಗಿ ಹರಳಿನಿಂದ ಬಿಟ್ಟುಕೊಳ್ಳುತ್ತಿತ್ತು, ಬೆಚ್ಚಗಾದಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಹರಳಿನಲ್ಲಿ ಕರೆಂಟೇ ಹರಿಯದಿದ್ದ ಮೇಲೆ ತಡೆ ಎಲ್ಲಿಂದ ಬರಬೇಕು? ಕಂಪ್ಯೂಟರು ಪಾಪ, ಕಳಿಸಿದ ಕರೆಂಟು ಹೋಗಿದೆ ಎಂದೇ ನಂಬಿ ಭಾಗಿಸಿ ಸೊನ್ನೆ ಬರೆದುಕೊಂಡಿತ್ತು. ಆ ವಾರವಿಡೀ ಅವಳು ಉಳಿದ ಮೂರು ಹರಳುಗಳನ್ನೂ ನೋಡಿದಳು. ಎಲ್ಲವೂ ಅದೇ ಕಥೆ.

ಶುಕ್ರವಾರ ಮೇಷ್ಟ್ರಿಗೆ ತೋರಿಸಿದಳು. ಅವರು ದೀಪ ಹತ್ತುವುದನ್ನೂ ಆರುವುದನ್ನೂ ಆರು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡರು.

"ತಪ್ಪು ನಂದು ಸಾರ್. ಟೇಪು ನಾನು ಅಂಟಿಸಿದ್ದು."

"ಟೇಪು ನಿಂದು, ಆತುರ ನಂದು," ಎಂದರು ಮೇಷ್ಟ್ರು. "ಹರಳು ಆಯಸ್ಕಾಂತವನ್ನ ದೂರ ತಳ್ಳುತ್ತಾ ಅಂತಾನೂ ಪರೀಕ್ಷೆ ಮಾಡೋಣ ಅಂತ ನೀನು ಹೇಳಿದ್ದೆ. ಮುಂದಿನ ಲೇಖನಕ್ಕೆ ಅಂತ ನಾನು ತಳ್ಳಿದೆ."

"ಹಿಂದಕ್ಕೆ ತಗೊಳ್ತೀವಿ ಅಂತ ಪತ್ರಿಕೆಗೆ ಬರೆದುಬಿಡೋಣ."

ಮೇಷ್ಟ್ರು ಪೆಟ್ಟಿಗೆಯ ಸ್ವಿಚ್ಚು ಆರಿಸಿದರು. "ಬರೆದ್ರೆ ನಿನ್ನ ಹದಿನೆಂಟು ಅಂಕ ಹೋಯ್ತು," ಎಂದರು. "ಹನ್ನೊಂದು ವರ್ಷದಿಂದ ನಿನ್ನ ಖಾಯಂ ಮಾಡ್ಸೋಕೆ ನಾನು ಹತ್ತದ ಮೆಟ್ಟಿಲಿಲ್ಲ. ಇನ್ನು ಆರು ವಾರ ತಡಿ. ರಿಸಲ್ಟ್ ಬರಲಿ. ಬಂದ ಮಾರನೇ ದಿನ ಬರೆಯೋಣ. ಇಷ್ಟು ದಿನ ಇದ್ದ ತಪ್ಪು ಇನ್ನಾರು ವಾರ ಇದ್ರೆ ಯಾರು ಸಾಯ್ತಾರೆ?"

ಅವರ ದನಿಯಲ್ಲಿ ಕಪಟವಿರಲಿಲ್ಲ, ತೊಂದರೆ ಬಂದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಬರಬಹುದಿತ್ತು. ಇವರು ಪ್ರೀತಿಯಿಂದ ಬಾಗಿಲು ಹಾಕಿದರು. ಇನ್ನೊಂದು ಮಾತೂ ಹೇಳಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ: ಆ ಮಾತು ಕೇಳಿ ಹೀಲಿಯಂ ಅಕ್ಕನಿಗೆ ಹಾಯೆನಿಸಿತು. ಮೆಟ್ಟಿಲು ಹತ್ತುವಷ್ಟರಲ್ಲಿ ಹಾಗೆ ಹಾಯೆನಿಸಿದ್ದಕ್ಕೇ ನಾಚಿಕೆಯಾಯಿತು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಊರ ಬಸ್ಸಿನ ಡ್ರೈವರು, ಮಾತು ಕಡಿಮೆ.

"ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ ಬಸ್ಸು ತೆಗೆಯೋದು ತಪ್ಪು," ಎಂದ. ಅವಳು ತಲೆಯಾಡಿಸಿದಳು. ಅವನು ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದ. "ಆದ್ರೆ ಡಿಪೋದಲ್ಲಿ ತೆಗಿ ಅಂದ್ರೆ ತೆಗಿತೀವಿ. ನಾನೂ ತೆಗೆದಿದ್ದೀನಿ. ನಿಧಾನಕ್ಕೆ ಓಡಿಸಿಕೊಂಡು ಬಂದಿದ್ದೀನಿ."

ಎರಡು ವಾರ ಅವಳು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು. ತಡೆಯಲಾರದೆ ಒಂದು ದಿನ ಮೂರನೇ ಮಹಡಿಗೆ ಹೋಗಿ ನ್ಯಾಯದ ಮೇಡಂ ಅವರ ಬಾಗಿಲು ತಟ್ಟಿದಳು. ದೊಡ್ಡ ಕಿಟಕಿಗಳ, ಬೆಳಕು ಸುರಿಯುವ ಕೋಣೆ. ಅವಳಿಗೆ ಕಣ್ಣು ಕುಕ್ಕಿತು.

"ಮೇಡಂ, ಆ ಹುದ್ದೆಗೆ ಕೊಟ್ಟಿರೋ ಒಂದು ಲೇಖನದ ಬಗ್ಗೆ..."

ಮೇಡಂ ಎರಡೂ ಅಂಗೈ ಎತ್ತಿ ತಡೆದರು. "ದಯವಿಟ್ಟು ಬೇಡ. ನೀವು ಅರ್ಜಿ ಹಾಕಿದ್ದೀರೋ ಇಲ್ವೋ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ನಾನು ಸಮಿತಿಯ ಅಧ್ಯಕ್ಷೆ. ಅರ್ಜಿ ಹಾಕಿದವರು ಸಮಿತಿಯವರ ಹತ್ರ ಅರ್ಜಿ ವಿಷಯ ಒಂದು ಮಾತಾಡಿದ್ರೂ ಅರ್ಜಿ ರದ್ದು. ಹತ್ತನೇ ನಿಯಮ."

"ನನಗೆ ಅನುಕೂಲ ಆಗೋ ಮಾತಲ್ಲ ಮೇಡಂ. ಅನಾನುಕೂಲ ಆಗೋದು."

"ಎಲ್ಲರೂ ಹಾಗೇ ಶುರು ಮಾಡ್ತಾರೆ," ಎಂದರು ಮೇಡಂ, ಮೃದುವಾಗಿಯೇ. "ನನಗೆ ಏನೂ ಕೇಳಿಸಿಲ್ಲ. ನೀವು ದಾರಿ ತಪ್ಪಿ ಈ ಕೋಣೆಗೆ ಬಂದ್ರಿ, ಅಷ್ಟೇ. ಹೋಗಿ."

ಅವಳು ಹೊರಗೆ ಬಂದು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು. ಬಾಯಿಗೆ ಬೀಗ ಹಾಕಿದವರು ಇಬ್ಬರೂ ಒಳ್ಳೆಯವರೇ, ಇಬ್ಬರೂ ಅವಳ ಒಳಿತಿಗೇ ಹಾಕಿದ್ದರು. ಯಾರ ಮೇಲೆ ಅಂತ ಸಿಟ್ಟು ಮಾಡಿಕೊಳ್ಳುವುದು? ನೆಲಮಾಳಿಗೆಗೆ ಬಂದು ಕಂಪ್ರೆಸರನ್ನು ಬೈದಳು.

ಲಿಖಿತ ಸಂದರ್ಶನದ ದಿನ ಹನ್ನೊಂದು ಜನ ಬಂದಿದ್ದರು. ಹಲಗೆಯ ಗೋಡೆಗಳಿಂದ ಬೇರೆ ಬೇರೆ ಮಾಡಿದ ಮೇಜುಗಳು. ಅವಳದು ಏಳನೇ ನಂಬರು. ಕೈಬರಹ ಗುರುತು ಸಿಗಬಾರದು ಅಂತ ಎಲ್ಲರಿಗೂ ಕಂಪ್ಯೂಟರು. ಎಲ್ಲರಿಗೂ ಒಂದೇ ಐದು ಪ್ರಶ್ನೆ, ಸಮಿತಿಯ ಒಬ್ಬೊಬ್ಬರದು ಒಂದೊಂದು. ನಾಲ್ಕನ್ನು ಅವಳು ಸಲೀಸಾಗಿ ಬರೆದಳು. ಐದನೆಯದು ಹೊರಗಿನ ಸದಸ್ಯರಾದ ನೀರಿನ ಮೇಷ್ಟ್ರದು ಎಂದು ಓದಿದ ಕೂಡಲೇ ಗೊತ್ತಾಯಿತು.

"ನೀರಿನ ಕೊಳವೆಯೊಂದರ ಎರಡು ತುದಿಗಳ ನಡುವೆ ಒತ್ತಡದ ವ್ಯತ್ಯಾಸ ಸೊನ್ನೆ ಎಂದು ಮೀಟರು ತೋರಿಸುತ್ತಿದೆ. ಕೊಳವೆ ಅಷ್ಟು ನುಣುಪಾಗಿರಬಹುದು. ಅಥವಾ ಅದರಲ್ಲಿ ನೀರೇ ಇಲ್ಲದಿರಬಹುದು. ನಿಮ್ಮ ಸಂಶೋಧನೆಯ ಒಂದು ಮುಖ್ಯ ಅಳತೆಯನ್ನು ಆರಿಸಿಕೊಂಡು, ಅದರಲ್ಲಿ ಇಂಥ ಮೋಸ ನಡೆದಿಲ್ಲವೆಂದು ಹೇಗೆ ಖಚಿತಪಡಿಸಿಕೊಂಡಿರಿ ಎಂಬುದನ್ನು ಬರೆಯಿರಿ."

ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ. ಇಡೀ ಜನ್ಮ ಕೆಟ್ಟ ಮೀಟರುಗಳ ಜೊತೆ ಏಗಿದವರು, ತಮ್ಮ ಅನುಭವದಿಂದ ಒಂದು ಪ್ರಶ್ನೆ ಕೇಳಿದ್ದರು. ಆದರೆ ಅದು ನೇರವಾಗಿ ಬಂದು ಅವಳ ಎದೆಗೇ ನಾಟಿತು. ಬೇರೆ ಯಾವುದೋ ಅಳತೆಯ ಬಗ್ಗೆ ಬರೆದು ತಪ್ಪಿಸಿಕೊಳ್ಳಬಹುದಿತ್ತು. ಹತ್ತು ನಿಮಿಷ ಹಾಗೇ ಬರೆದಳು ಕೂಡ. ಆಮೇಲೆ ಅಷ್ಟನ್ನೂ ಅಳಿಸಿ, ಟೇಪು, ದೀಪ, ಅಂಟು, ನಾಲ್ಕು ಹರಳು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. 'ನಾನು ಖಚಿತಪಡಿಸಿಕೊಂಡಿರಲಿಲ್ಲ. ಕೊಳವೆಯಲ್ಲಿ ನೀರಿರಲಿಲ್ಲ' ಎಂದು ಮುಗಿಸಿದಳು. ಎದ್ದು ಬರುವಾಗ ಮೈ ಹಗುರವಾಗಿತ್ತು. ಹುದ್ದೆ ಹೋಯಿತು, ಆದರೆ ಹೇಳಬೇಕಾದವರಿಗೆ ಹೇಳಿಯಾಯಿತು ಅಂದುಕೊಂಡಳು.

ಎರಡು ವಾರ ಕಳೆದು, ಇಪ್ಪತ್ತಾರನೇ ತಾರೀಕು ಸೂಚನಾ ಫಲಕದಲ್ಲಿ ಫಲಿತಾಂಶ ಬಂತು. ಆಯ್ಕೆಯಾದವರು: ನಂಬರು ಏಳು. ಆಕ್ಷೇಪಣೆಗೆ ಹದಿನೈದು ದಿನ. ಆಮೇಲೆ ಆದೇಶ.

ಅವಳು ಬಟ್ಟೆಯ ಚೀಲದಲ್ಲಿದ್ದ ನಿಯಮಗಳ ಪುಸ್ತಿಕೆಯನ್ನು ತೆಗೆದು ಅಲ್ಲೇ ಕಾರಿಡಾರಿನಲ್ಲಿ ನಿಂತು ಓದಿದಳು. ಹದಿನಾರನೇ ನಿಯಮ: ಲೇಖನದ ಅಂಕ ಅರ್ಜಿಯ ಕೊನೆಯ ದಿನಕ್ಕೆ ಇದ್ದಂತೆ ಲೆಕ್ಕ, ಬರೆದವರೇ ಹಿಂತೆಗೆದುಕೊಳ್ಳುವವರೆಗೆ ಅದು ನಿಂತೇ ಇರುತ್ತದೆ. ಹದಿನೇಳನೇ ನಿಯಮ: ಅಭ್ಯರ್ಥಿ ಸಂದರ್ಶನದಲ್ಲಿ ಮನಸ್ಸು ಬಿಚ್ಚಿ ಹೇಳಿದ್ದನ್ನು ಸಮಿತಿ ಹೊರಗೆಲ್ಲೂ ಬಳಸುವಂತಿಲ್ಲ, ಉತ್ತರಗಳು ಏಳು ವರ್ಷ ಮುಚ್ಚಿದ ಲಕೋಟೆಯಲ್ಲಿ. ಪ್ರಾಮಾಣಿಕವಾಗಿ ಮಾತಾಡಿದವರಿಗೆ ಆಮೇಲೆ ಅದರಿಂದಲೇ ಪೆಟ್ಟು ಬೀಳಬಾರದು ಎಂದು ಮೇಡಂ ಬಹಳ ಕಾಳಜಿಯಿಂದ ಬರೆದ ನಿಯಮವದು. ಸುಳ್ಳಾದ ಲೇಖನಕ್ಕೆ ಹದಿನೆಂಟು ಬಂದಿತ್ತು. ಅದು ಸುಳ್ಳು ಎಂದು ಒಪ್ಪಿಕೊಂಡ ಉತ್ತರಕ್ಕೂ ಅಂಕ ಬಂದಿತ್ತು. ಅವಳು ಹೇಳಿದ ನಿಜ ಕಪಾಟಿನೊಳಗೆ ಹೋಗಿ ಕೂತಿತ್ತು.

ಮನೆಯಲ್ಲಿ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ನಮ್ಮ ಸೊಸೆ ಖಾಯಮ್ಮಾದಳು ಎಂದು ಸಾರಿಬಂದರು. ಹೀಲಿಯಂ ಅಕ್ಕ ತಲೆನೋವು ಎಂದು ಹೇಳಿ ಮಲಗಿದಳು. ಮಾರನೇ ದಿನ ಪ್ರಯೋಗಾಲಯಕ್ಕೆ ಬಂದ ಕೂಡಲೇ, "ಸಾರ್, ಬರೆಯೋಣ" ಎಂದಳು.

"ಇನ್ನು ಹದಿನೈದು ದಿನ," ಎಂದರು ಮೇಷ್ಟ್ರು. "ಈಗ ಹಿಂದಕ್ಕೆ ತಗೊಂಡ್ರೆ ಹದಿನಾರನೇ ನಿಯಮ ಹಿಡ್ಕೊಂಡು ನಿನ್ನ ತೆಗೀತಾರೆ. ಆದೇಶ ಕೈಗೆ ಬರಲಿ. ಆಮೇಲೆ ಒಂದು ವರ್ಷ ಪ್ರೊಬೇಷನ್ ಅಂತಾರೆ, ಅದೂ ಒಂದು ನೋಡ್ಬೇಕು..."

ಅವರು ಮಾತು ನಿಲ್ಲಿಸಿದರು. ತಾವು ಏನು ಹೇಳುತ್ತಿದ್ದೇವೆ ಎಂದು ಅವರಿಗೂ ಕೇಳಿಸಿರಬೇಕು.

ಅದೇ ದಿನ ಪ್ರಯೋಗಾಲಯದ ಮೇಲ್‌ಗೆ ಒಂದು ಪತ್ರ ಬಂತು. ಅಂಟು ಯಾವುದು, ತಂತಿ ಯಾವುದು ಎಂದು ಬೇರೆ ಕಡೆಯವರು ಕೇಳುವ ಪತ್ರಗಳಿಗೆ ಉತ್ತರಿಸುವುದು ಹೀಲಿಯಂ ಅಕ್ಕನ ಕೆಲಸವೇ. ಇದನ್ನು ಬರೆದವಳು ದೂರದ ಇನ್ನೊಂದು ಪ್ರಯೋಗಾಲಯದ ಹೆಂಗಸು, ಅವಳಂತೆಯೇ ತಾತ್ಕಾಲಿಕ. 'ನಿಮ್ಮ ಲೇಖನ ನೋಡಿ ಹನ್ನೊಂದು ತಿಂಗಳಿಂದ ಅದೇ ಹರಳು ಬೆಳೆಸಿ ಅಳೆಯುತ್ತಿದ್ದೇನೆ. ನಲವತ್ತು ಹರಳು ಆಯಿತು. ಒಂದರಲ್ಲೂ ಸೊನ್ನೆ ಬರುತ್ತಿಲ್ಲ. ನಿನಗೆ ಕೈಗುಣವಿಲ್ಲ ಎಂದು ನಮ್ಮ ಮುಖ್ಯಸ್ಥರು ಹೇಳುತ್ತಾರೆ. ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುತ್ತದೆ, ಅಷ್ಟರಲ್ಲಿ ಒಂದಾದರೂ ಬಂದರೆ ಮುಂದುವರಿಸುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳುತ್ತೀರಾ?'

ಹೀಲಿಯಂ ಅಕ್ಕ ಅದನ್ನು ಮೂರು ಸಲ ಓದಿದಳು. ಆ ಹೆಂಗಸು ಎಲ್ಲಿಯೂ ತಪ್ಪಿರಲಿಲ್ಲ. ಅವಳ ತಂತಿಗಳು ಗಟ್ಟಿಯಾಗಿ ಅಂಟಿದ್ದವು, ಅದಕ್ಕೇ ಸೊನ್ನೆ ಬರುತ್ತಿರಲಿಲ್ಲ. ನೆಟ್ಟಗೆ ಕೆಲಸ ಮಾಡಿದ್ದೇ ಅವಳ ತಪ್ಪು.

ಪತ್ರವನ್ನು ಮೇಷ್ಟ್ರಿಗೆ ಓದಿ ಹೇಳಿದಳು.

"ಇಂಥ ಅವಧಿಯೆಲ್ಲ ಒಂದೆರಡು ತಿಂಗಳು ಎಳೀತಾರಮ್ಮ," ಎಂದರು ಅವರು, ಅವಳ ಮುಖ ನೋಡದೆ. "ನಿಂದು ಎಷ್ಟು ಸಲ ಎಳೆದಿಲ್ಲ? ಹದಿನೈದು ದಿನ ಅಷ್ಟೇ."

ಅವಳು ಸುಮ್ಮನಾದಳು. ಸುಮ್ಮನಾದಳು ಎಂದು ಬರೆಯಲು ನನಗೂ ಸಂಕಟವೇ, ಆದರೆ ನಡೆದದ್ದು ಅದು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ತಿಂಗಳ ಕೊನೆಯ ದಿನ ಅವಳು ಕ್ಯಾಲೆಂಡರಿನ ಮುಂದೆ ನಿಂತಿದ್ದನ್ನು ಕಂಡು ಗಂಡ ಏನು ಎಂದು ಕೇಳಿದ. ಏನಿಲ್ಲ ಎಂದಳು. ನಾಳೆ ಬರೆಯುತ್ತೇನೆ ಎಂದುಕೊಳ್ಳುವಳು, ಬೆಳಗಾದರೆ ಅತ್ತೆ ಬೀದಿಯವರ ಮುಂದೆ ಬೀಗುವುದು ಕಿವಿಗೆ ಬೀಳುವುದು, ಇವತ್ತೊಂದು ದಿನ ಹೋಗಲಿ ಎಂದುಕೊಳ್ಳುವಳು.

ಒಂಬತ್ತನೇ ದಿನ ಮೇಷ್ಟ್ರು ತಾವಾಗಿಯೇ ಆ ಪತ್ರದ ಮಾತೆತ್ತಿದರು. ಉತ್ತರವೇ ಕೊಡದಿದ್ದರೆ ಅನುಮಾನ ಬರುತ್ತದೆ, ಸದ್ಯಕ್ಕೆ ಒಂದೆರಡು ಸಾಲು ಹಾಕಿಬಿಡೋಣ ಎಂದರು. ಅವಳು ಕಂಪ್ಯೂಟರಿನ ಮುಂದೆ ಕೂತಳು. ಅವರು ಹಿಂದೆ ನಿಂತು ಹೇಳಿದರು.

"ನಿಮ್ಮ ಪ್ರಯತ್ನ ಮೆಚ್ಚುವಂಥದ್ದು. ಬೆಳ್ಳಿಯ ಅಂಟನ್ನು ಇನ್ನೂ ತೆಳುವಾಗಿ ಹಚ್ಚಿ ನೋಡಿ."

ಹೀಲಿಯಂ ಅಕ್ಕನ ಬೆರಳು ಕೀಲಿಗಳ ಮೇಲೆ ನಿಂತಿತು. ತೆಳುವಾಗಿ ಹಚ್ಚಿದರೆ ಅಂಟು ಬಿಡುತ್ತದೆ. ಬಿಟ್ಟರೆ ಸೊನ್ನೆ ಬರುತ್ತದೆ. ಆ ಹೆಂಗಸು ಕುಣಿದಾಡುತ್ತಾಳೆ, ಲೇಖನ ಬರೆಯುತ್ತಾಳೆ, ಅವಳ ಕುತ್ತಿಗೆಗೂ ಇದೇ ಬೀಳುತ್ತದೆ.

"ಇದನ್ನ ನಾನು ಟೈಪ್ ಮಾಡಲ್ಲ ಸಾರ್."

"ಆರೇ ದಿನ ಉಳಿದಿರೋದು. ನಾನು ಯಾರಿಗೋಸ್ಕರ ಮಾಡ್ತಿದ್ದೀನಿ ಹೇಳು. ನಿನಗೋಸ್ಕರ ತಾನೇ?"

"ನೀವು ನನ್ನ ಹೆಸರು ಹೇಳ್ಕೊಂಡು ನಿಮ್ಮನ್ನ ಕಾಪಾಡ್ಕೊಂಡ್ರಿ," ಎಂದಳು ಅವಳು. ದನಿ ಏರಿರಲಿಲ್ಲ. "ನಾನು ನಿಮ್ಮ ಹೆಸರು ಹೇಳ್ಕೊಂಡು ನನ್ನನ್ನ ಕಾಪಾಡ್ಕೊಂಡೆ. ಸಾಕು ಸಾರ್."

ಮೇಷ್ಟ್ರು ಕುರ್ಚಿಯೊಂದನ್ನು ಎಳೆದುಕೊಂಡು ಅವಳ ಪಕ್ಕಕ್ಕಲ್ಲ, ಕಂಪ್ರೆಸರಿನ ಹತ್ತಿರ ಹೋಗಿ ಗೋಡೆಗೆ ಮುಖಮಾಡಿ ಕೂತರು.

ಅವಳು ಬರೆದಳು. 'ತಪ್ಪು ನಿಮ್ಮದಲ್ಲ, ನಮ್ಮದು. ನಮ್ಮ ತಂತಿ ಬಿಟ್ಟುಕೊಂಡಿತ್ತು, ನಾವು ಅದನ್ನು ಸೊನ್ನೆ ಎಂದು ಓದಿದೆವು. ನಿಮಗೆ ಸೊನ್ನೆ ಬಾರದಿರುವುದೇ ಸರಿ. ನಿಮ್ಮ ಕೈಗುಣ ಚೆನ್ನಾಗಿದೆ. ಇದನ್ನು ನಿಮ್ಮ ಮುಖ್ಯಸ್ಥರಿಗೆ ತೋರಿಸಿ.' ಅದರ ಪ್ರತಿಯನ್ನು ಪತ್ರಿಕೆಯ ಸಂಪಾದಕರಿಗೂ, ಲೇಖನ ಹಿಂತೆಗೆದುಕೊಳ್ಳುತ್ತೇನೆ ಎಂಬ ಸಾಲಿನೊಂದಿಗೆ ನ್ಯಾಯದ ಮೇಡಂಗೂ ಹಾಕಿದಳು. ಕೆಳಗೆ ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು ಬರೆದು ಕಳಿಸಿದಳು.

ಮೂರನೇ ದಿನ ಮೇಡಂ ತಾವೇ ನೆಲಮಾಳಿಗೆಗೆ ಇಳಿದುಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಕಂಪ್ರೆಸರಿನ ಸದ್ದಿಗೆ ಗಟ್ಟಿಯಾಗಿ ಮಾತಾಡಬೇಕಾಯಿತು, ಅದು ಅವರಿಗೆ ಕಷ್ಟವಾಯಿತು.

"ಹದಿನೆಂಟು ಅಂಕ ಕಳೆದಿದ್ದೀವಿ. ಹುದ್ದೆ ಎರಡನೆಯವರಿಗೆ ಹೋಗುತ್ತೆ," ಎಂದರು. "ಐದನೇ ಪ್ರಶ್ನೆಗೆ ನಿಮಗೆ ಹತ್ತಕ್ಕೆ ಹತ್ತು ಬಂದಿತ್ತು. ಬೇರೆ ಯಾರಿಗೂ ನಾಲ್ಕಕ್ಕಿಂತ ಹೆಚ್ಚು ಬಂದಿಲ್ಲ. ಈಗಿದನ್ನ ಹೇಳಬಹುದು ಅನ್ಸುತ್ತೆ."

"ಬೇರೆ ದಾರಿ ಏನೂ ಇಲ್ವಾ ಮೇಡಂ?"

"ಒಬ್ಬರಿಗೆ ಅಂತ ದಾರಿ ಮಾಡಿದ್ರೆ ಅದು ನಿಯಮ ಅಲ್ಲ." ಮೇಡಂ ಅವರ ಕಣ್ಣು ತುಂಬಿತ್ತು. "ನಾನೇ ಬರೆದಿದ್ದು."

ಹೀಲಿಯಂ ಅಕ್ಕ ಅವರಿಗೆ ಕುರ್ಚಿ ಕೊಟ್ಟಳು. ಅತ್ತು ಮುಗಿಯುವವರೆಗೆ ಪಕ್ಕದಲ್ಲಿ ನಿಂತಿದ್ದಳು. ಕೆಲಸ ಹೋದವಳು ಅವಳು, ಸಮಾಧಾನ ಮಾಡಬೇಕಾದವಳೂ ಅವಳೇ.

ಮೇಡಂ ಹೋದ ಮೇಲೆ ಮೇಲ್ ತೆರೆದಳು. ದೂರದ ಆ ಹೆಂಗಸಿನಿಂದ ಉತ್ತರ ಬಂದಿತ್ತು. ಈ ಸಲ ಪ್ರಯೋಗಾಲಯದ ವಿಳಾಸದಿಂದಲ್ಲ, ಅವಳ ಸ್ವಂತ ವಿಳಾಸದಿಂದ.

'ನಿಮ್ಮ ಪತ್ರವನ್ನು ಅಲ್ಲಿನ ಗೆಳತಿ ಕಳಿಸಿಕೊಟ್ಟಳು. ತಿಂಗಳ ಕೊನೆಗೇ ನನ್ನನ್ನು ಬಿಡಿಸಿದರು, ಜಾಗಕ್ಕೆ ಬೇರೆಯವರು ಬಂದಾಗಿದೆ, ಇನ್ನು ಏನೂ ಮಾಡಲಾಗದು ಎನ್ನುತ್ತಾರೆ. ಆದರೂ ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಕೈಗುಣ ಚೆನ್ನಾಗಿದೆ ಎಂಬ ಸಾಲನ್ನು ಅವರು ಎರಡು ಸಲ ಓದಿಸಿದರು. ಇಷ್ಟು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬಹುದು ಎಂದು ಗೊತ್ತು, ತುಂಬಾ ಧನ್ಯವಾದ. ಸುಮ್ಮನೆ ತಿಳಿದುಕೊಳ್ಳಲು ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ನಿಮಗೆ ಯಾವಾಗ ಗೊತ್ತಾಯಿತು?'

ಹೀಲಿಯಂ ಅಕ್ಕ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡಳು. ಹೋದ ವಾರ ಎಂದು ಬರೆಯಬಹುದಿತ್ತು. ಯಾರೂ ಕೇಳುವವರಿರಲಿಲ್ಲ, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಬೆರಳು ಕೀಲಿಗಳ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

'ಎರಡು ತಿಂಗಳ ಹಿಂದೆ,' ಎಂದು ಟೈಪ್ ಮಾಡಿದಳು. 'ಹದಿಮೂರನೇ ತಾರೀಕು.'

ಅದರ ಮುಂದೆ ಇನ್ನೇನಾದರೂ ಬರೆಯಬೇಕೆಂದು ಬಹಳ ಹೊತ್ತು ಹುಡುಕಿದಳು. ಏನೂ ಸಿಗಲಿಲ್ಲ. ಅಷ್ಟನ್ನೇ ಕಳಿಸಿದಳು.